ಹಳೆಯ ಡೀಸೆಲ್ ಕಾರಿನ ಹೊಗೆ, ಆಯಿಲ್ ಸೋರಿಕೆ: ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ನಿರ್ವಾಹಕರು: ಡೀಸೆಲ್ ಎಂಜಿನ್ ಬಿಚ್ಚಿ ಕಟ್ಟುವುದನ್ನೇ ವೃತ್ತಿ ಮಾಡಿಕೊಂಡ ಮೆಕ್ಯಾನಿಕ್ ಒಬ್ಬರು ಇಂದು ಗುಂಪಿನಲ್ಲಿದ್ದಾರೆ. ಹೊಗೆಯ ಬಣ್ಣ, ಅದು ಬರುವ ಹೊತ್ತು, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ, ಇಷ್ಟನ್ನಾದರೂ ಬರೆದು ಕೇಳಿ.

ಹಳೆಯ ಸೆಡಾನ್: ನಮಸ್ಕಾರ ಸರ್. ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಕಪ್ಪು ಹೊಗೆ ಬರುತ್ತದೆ. ಎಂಜಿನ್ ಹೋಯಿತೇ?

ಮೆಕ್ಯಾನಿಕ್: ನಮಸ್ಕಾರ. ಗಾಬರಿ ಬೇಡ. ಕಪ್ಪು ಹೊಗೆ ಎಂದರೆ ಡೀಸೆಲ್‌ಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ. ಮೊದಲು ಏರ್ ಫಿಲ್ಟರ್ ನೋಡಿ. ಆಮೇಲೆ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಮತ್ತು ಇಂಟರ್‌ಕೂಲರ್ (ಆ ಗಾಳಿಯನ್ನು ತಂಪಾಗಿಸುವ ಭಾಗ) ನಡುವಿನ ಹೋಸ್ ನೋಡಿ. ಅದು ಸೀಳಿದ್ದರೆ ಸುತ್ತ ಆಯಿಲ್ ಜಿಡ್ಡು ಇರುತ್ತದೆ, ಏರಿನಲ್ಲಿ ಸುಯ್ಯೆಂಬ ಸದ್ದು ಕೇಳುತ್ತದೆ. ಎರಡೂ ಸರಿಯಿದ್ದರೆ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಬಿಡುವ ಇಜಿಆರ್ ವಾಲ್ವ್ ತೆರೆದೇ ಸಿಕ್ಕಿಕೊಂಡಿರಬಹುದು. ಡೀಸೆಲ್ ಸಿಂಪಡಿಸುವ ನಾಜಲ್ ಬಿಚ್ಚುವ ಮಾತು ಕೊನೆಗೆ.

ಬೆಳಗಿನ ಪ್ರಯಾಣಿಕ: ಸರ್, ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಬರುತ್ತದೆ, ಕಣ್ಣು ಉರಿಯುತ್ತದೆ. ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಗಾಳಿ ಎಳೆದುಕೊಳ್ಳುವ ಪೈಪಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆದರೆ ಸರಿಹೋಗುತ್ತದೆ ಎಂಬ ಸಂದೇಶ ಬಂದಿದೆ.

ಮೆಕ್ಯಾನಿಕ್: ಹೊಡೆಯಬೇಡಿ. ಚಳಿಯಲ್ಲಿ ಸಿಲಿಂಡರ್ ಬಿಸಿ ಮಾಡುವ ಹೀಟರ್ ಪ್ಲಗ್ ಕಾದು ಕೆಂಪಗಾಗಿರುತ್ತದೆ, ಅದಕ್ಕೆ ಸ್ಪ್ರೇಯಲ್ಲಿರುವ ಈಥರ್ ತಗುಲಿದರೆ ಒಳಗೇ ಸ್ಫೋಟವಾಗಿ ಪಿಸ್ಟನ್ ಒಡೆಯಬಹುದು. ಕಣ್ಣು ಉರಿಸುವುದು ಸುಡದೆ ಉಳಿದ ಡೀಸೆಲ್. ಹೀಟರ್ ಪ್ಲಗ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಕೂಲೆಂಟ್ ಇಳಿಯುತ್ತಿದ್ದರೆ ಅದು ಬೇರೆ ಕಥೆ. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಪ್ಯಾಕಿಂಗ್) ಪರೀಕ್ಷೆ ಮಾಡಿಸಿ.

ನೆರಳಿನ ಪಾರ್ಕಿಂಗ್: ಗೇರ್‌ಬಾಕ್ಸ್ ಸೇರುವ ಕಡೆಯಿಂದ ಆಯಿಲ್ ತೊಟ್ಟಿಕ್ಕುತ್ತಿದೆ. ಕ್ರ್ಯಾಂಕ್ ಸೀಲ್ (ಎಂಜಿನ್ ಶಾಫ್ಟಿನ ಆಯಿಲ್ ಸೀಲ್) ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಎನ್ನುತ್ತಿದ್ದಾರೆ.

ಮೆಕ್ಯಾನಿಕ್: ಇಳಿಸುವ ಮುನ್ನ ಎಂಜಿನ್ ಪೂರ್ತಿ ತೊಳೆಸಿ, ಒಣಗಿಸಿ, ಸ್ವಲ್ಪ ದೂರ ಓಡಿಸಿ, ಆಮೇಲೆ ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬನ್ನಿ. ಆಯಿಲ್ ಕೆಳಗಿಳಿಯುತ್ತದೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ತೊಟ್ಟಿಕ್ಕುವ ಜಾಗ ಸೋರುವ ಜಾಗವಾಗಿರಬೇಕಿಲ್ಲ. ಟ್ಯಾಪೆಟ್ ಕವರ್ ಪ್ಯಾಕಿಂಗ್, ವ್ಯಾಕ್ಯೂಮ್ ಪಂಪ್, ಆಯಿಲ್ ಪ್ರೆಷರ್ ಸ್ವಿಚ್, ಫಿಲ್ಟರ್ ಹೌಸಿಂಗ್, ಇವುಗಳಲ್ಲಿ ಯಾವುದು ಸೋರಿದರೂ ಕೊನೆಗೆ ಅಲ್ಲೇ ಬಂದು ತೊಟ್ಟಿಕ್ಕಬಹುದು. ಎಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪನ್ನೂ ನೋಡಿ. ಅದು ಕಟ್ಟಿಕೊಂಡರೆ ಒಳಗಿನ ಒತ್ತಡ ಆಯಿಲ್ ಅನ್ನು ಸೀಲ್‌ಗಳಿಂದ ಹೊರಕ್ಕೆ ನೂಕುತ್ತದೆ. ಕಾರಣ ಬಿಟ್ಟು ಸೀಲ್ ಬದಲಿಸಿದರೆ ಹೊಸದೂ ಸೋರುತ್ತದೆ.

ಎಲ್ಲರಿಗೂ ಒಂದು ಮಾತು: ಎಂಜಿನ್ ಓಡುತ್ತಿರುವಾಗ ಡೀಸೆಲ್ ಪೈಪಿನ ಸೋರಿಕೆಯನ್ನು ಬೆರಳಿನಿಂದ ಹುಡುಕಬೇಡಿ. ಕಾಮನ್ ರೇಲ್ (ಒಂದೇ ಕೊಳವೆಯಿಂದ ಎಲ್ಲ ನಾಜಲ್‌ಗಳಿಗೂ ಡೀಸೆಲ್ ಹೋಗುವ) ಎಂಜಿನ್‌ಗಳಲ್ಲಿ ಒತ್ತಡ 1,000 ಬಾರ್ ಮೀರುತ್ತದೆ, ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮೊದಲ ಕಾರು: ಯಾವ ಕಂಪನಿಯ ಆಯಿಲ್ ಒಳ್ಳೆಯದು ಸರ್?

ಹೆದ್ದಾರಿ: ನನ್ನದು ಸೋರುವುದೇ ಇಲ್ಲ. ಆಯಿಲ್ ಹಾಕದಿದ್ದರೂ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಮೇಲಿನ ಗೆರೆಗಿಂತ ಎರಡು ಬೆರಳು ಏರಿದೆ. ಈಚೆಗೆ ನೀಲಿ ಹೊಗೆ ಬರುತ್ತಿದೆ. ನಿನ್ನೆ ಕೀ ತೆಗೆದ ಮೇಲೂ ಎಂಜಿನ್ ಒಂದೆರಡು ಕ್ಷಣ ಓಡಿ ನಿಂತಿತು. ನಾಳೆ ದೂರದ ಪ್ರಯಾಣವಿದೆ. ಹೋಗಿ ಬಂದು ತೋರಿಸಲೇ?

ಮೆಕ್ಯಾನಿಕ್: ಹೋಗಬೇಡಿ. ಸ್ಟಾರ್ಟ್ ಕೂಡ ಮಾಡಬೇಡಿ. ಉಳಿದವರು ದಯವಿಟ್ಟು ಸ್ವಲ್ಪ ಕಾಯಿರಿ, ಇದು ಮುಖ್ಯ.

ಆಯಿಲ್ ತಾನಾಗಿ ಹೆಚ್ಚುವುದಿಲ್ಲ. ಅದಕ್ಕೆ ಡೀಸೆಲ್ ಅಥವಾ ಕೂಲೆಂಟ್ ಸೇರುತ್ತಿದೆ. ಟಿಶ್ಯೂ ಕಾಗದದ ಮೇಲೆ ಡಿಪ್‌ಸ್ಟಿಕ್‌ನಿಂದ ಒಂದು ಹನಿ ಬಿಡಿ. ಕಪ್ಪು ಚುಕ್ಕೆಯ ಸುತ್ತ ತೆಳುವಾದ ಅಗಲ ವೃತ್ತ ಹರಡಿ ಡೀಸೆಲ್ ವಾಸನೆ ಬಂದರೆ ಒಳಗೆ ಡೀಸೆಲ್ ಸೋರುತ್ತಿದೆ ಎಂದೇ ಹಿಡಿಯಿರಿ. ಟ್ಯಾಪೆಟ್ ಕವರಿನ ಕೆಳಗಿರುವ ನಾಜಲ್ ರಿಟರ್ನ್ ಪೈಪ್ ಇರಬಹುದು, ಪಂಪಿನ ಸೀಲ್ ಇರಬಹುದು. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಕಾರಾದರೆ, ಮಸಿ ಸುಡುವ ಕೆಲಸ ಪದೇಪದೇ ಅರ್ಧಕ್ಕೆ ನಿಂತಾಗಲೂ ಹೀಗಾಗುತ್ತದೆ.

ಡೀಸೆಲ್ ಸೇರಿ ತೆಳುವಾದ ಆಯಿಲ್‌ನಿಂದ ಬೇರಿಂಗ್ ಸವೆಯುವುದು ಒಂದು ತೊಂದರೆ. ನನಗೆ ಭಯವಿರುವುದು ಇನ್ನೊಂದರ ಬಗ್ಗೆ. ಹೆಚ್ಚಾದ ಆಯಿಲ್ ಬ್ರೀದರ್ ಮೂಲಕ ಗಾಳಿಯ ದಾರಿಗೆ ಬಂದು ಸಿಲಿಂಡರಿನಲ್ಲಿ ಇಂಧನವಾಗಿ ಉರಿಯುತ್ತದೆ. ನೀಲಿ ಹೊಗೆ ಅದೇ. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಬೇಕಿಲ್ಲ. ಇಂಧನ ಮತ್ತು ಗಾಳಿ ಇದ್ದರೆ ಓಡುತ್ತದೆ. ಕೀ ತೆಗೆದರೆ ಡೀಸೆಲ್ ನಿಲ್ಲುತ್ತದೆ, ಆಯಿಲ್ ನಿಲ್ಲುವುದಿಲ್ಲ. ವೇಗ ಹುಚ್ಚಾಪಟ್ಟೆ ಏರಿ ಎಂಜಿನ್ ಛಿದ್ರವಾಗುವವರೆಗೂ ಓಡಬಹುದು. ಇದನ್ನು ರನ್‌ಅವೇ ಎನ್ನುತ್ತಾರೆ. ನೀವು ನಿನ್ನೆ ಕಂಡದ್ದು ಅದರ ಮುನ್ಸೂಚನೆ ಇರಬಹುದು.

ಯಾರಿಗಾದರೂ ಹಾಗಾದರೆ: ಮ್ಯಾನುಯಲ್ ಗೇರ್ ಕಾರಿನಲ್ಲಿ ಮೇಲಿನ ಗೇರ್ ಹಾಕಿ, ಬ್ರೇಕ್ ಬಲವಾಗಿ ತುಳಿದು, ಕ್ಲಚ್ ಬಿಟ್ಟು ಎಂಜಿನ್ ನಿಲ್ಲುವಂತೆ ಮಾಡಿ. ಆಟೊಮ್ಯಾಟಿಕ್ ಆದರೆ ಜನರನ್ನು ಇಳಿಸಿ ದೂರ ಹೋಗಿ. ಗಾಳಿಯ ಬಾಯಿಗೆ ಕೈ ಒಡ್ಡಬೇಡಿ.

ಹೆದ್ದಾರಿ: ಕಾಗದದಲ್ಲಿ ದೊಡ್ಡ ವೃತ್ತ ಬಂತು ಸರ್. ಡೀಸೆಲ್ ವಾಸನೆಯೂ ಇದೆ. ಪ್ರಯಾಣ ರದ್ದು ಮಾಡಿದೆ. ಕಾರನ್ನು ಎಳೆಸಿಕೊಂಡು ಹೋಗುತ್ತೇನೆ.

ದೂರದ ದಾರಿ: ಇಷ್ಟೆಲ್ಲ ಏಕೆ? ನೀಲಿ ಹೊಗೆಗೆ ಗಟ್ಟಿ ಆಯಿಲ್ ಹಾಕಿದರೆ ಆಯಿತು. ನಾನು 20ಡಬ್ಲ್ಯೂ-50 ಹಾಕಿದೆ, ಹೊಗೆ ಅರ್ಧ ಕಡಿಮೆಯಾಯಿತು.

ಟರ್ಬೊ ಅಭಿಮಾನಿ: ಕೈಪಿಡಿಯಲ್ಲಿ ತೆಳುವಾದ 5ಡಬ್ಲ್ಯೂ-30 ಎಂದಿರುವ ಕಾರಿಗೆ ಅದನ್ನು ಹಾಕಿಸುತ್ತೀರಾ? ಚಳಿಯಲ್ಲಿ ಆಯಿಲ್ ಟರ್ಬೊ ತಲುಪಲು ತಡವಾಗುತ್ತದೆ. ಅದು ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ವಸ್ತು.

ದೂರದ ದಾರಿ: ನೀವು ಪುಸ್ತಕ ಓದಿದವರು, ನಾನು ಕಾರು ಓಡಿಸಿದವನು.

ಟರ್ಬೊ ಅಭಿಮಾನಿ: ಓಡಿಸುವುದು ಬೇರೆ, ಅರಿಯುವುದು ಬೇರೆ. ಹೊಗೆ ಮುಚ್ಚಿಟ್ಟಿರಿ, ಸವೆದ ಪಿಸ್ಟನ್ ರಿಂಗ್ ಹಾಗೆಯೇ ಇದೆ.

ದೂರದ ದಾರಿ: ರಿಂಗ್ ಸವೆದಿದೆ ಎಂದು ನಿಮಗೆ ಹೇಳಿದವರು ಯಾರು?

ಮೆಕ್ಯಾನಿಕ್: ಟರ್ಬೊ ಅಭಿಮಾನಿ ಹೇಳುವುದು ಸರಿ, ಗಟ್ಟಿ ಆಯಿಲ್ ರೋಗ ಮುಚ್ಚುತ್ತದೆ, ವಾಸಿ ಮಾಡುವುದಿಲ್ಲ. ಆದರೆ ರಿಂಗೋ, ವಾಲ್ವ್ ಸೀಲೋ, ಟರ್ಬೊ ಸೀಲೋ ಎಂದು ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡದೆ ಯಾರೂ ಹೇಳಲಾಗದು. ಇಬ್ಬರೂ ನಿಲ್ಲಿಸಿ.

ಬೆಳಗಿನ ಪ್ರಯಾಣಿಕ: ಇನ್ನೊಂದು ಸಂದೇಶ ಬಂದಿದೆ ಸರ್. ಆಯಿಲ್‌ಗೆ ಸೀಮೆಎಣ್ಣೆ ಸುರಿದು ಎಂಜಿನ್ ತೊಳೆಯುವುದು, ಓಡುವಾಗ ಗಾಳಿ ಪೈಪಿಗೆ ನೀರು ಬಿಟ್ಟು ಮಸಿ ತೆಗೆಯುವುದು...

ಮೆಕ್ಯಾನಿಕ್: ಈಗ ತಾನೇ ಹೇಳಿದೆ. ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತದೆ. ನೀರು ಹೆಚ್ಚಾಗಿ ಒಳಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಥ ಸಂದೇಶ ಬರೆದವರು ನಿಮ್ಮ ಎಂಜಿನ್ ಕಟ್ಟಿಕೊಡಲು ಬರುವುದಿಲ್ಲ. ಇನ್ನು ಇಲ್ಲಿ ಹಾಕಬೇಡಿ.

ಗುಡ್ಡದ ರಸ್ತೆ: ಕಪ್ಪು ಹೊಗೆ ಬರುತ್ತಿದೆ, ಏನು ಮಾಡಲಿ?

ಮೆಕ್ಯಾನಿಕ್: ಮೊದಲ ಉತ್ತರ ಓದಿ.

ಗುಡ್ಡದ ರಸ್ತೆ: ಓದಲು ಸಮಯವಿಲ್ಲದೆ ಕೇಳಿದೆ. ಇಷ್ಟು ಬಿರುಸು ಏಕೆ?

ಟರ್ಬೊ ಅಭಿಮಾನಿ: ಬರೆಯಲು ಅವರಿಗೆ ಮಾತ್ರ ಸಮಯವಿದೆಯೇ?

ಮೊದಲ ಕಾರು: ಆಯಿಲ್ ಕಂಪನಿ ಯಾವುದೆಂದು ಯಾರೂ ಹೇಳಲಿಲ್ಲ. ಕ್ಲಚ್ ಕೂಡ ನಡುಗುತ್ತಿದೆ.

ಹೆದ್ದಾರಿ: ಸರ್, ಗ್ಯಾರೇಜಿನಲ್ಲಿದ್ದೇನೆ. ಕೈಪಿಡಿಯಲ್ಲಿ 4.5 ಲೀಟರ್ ಎಂದಿದೆ, ಇಳಿಸಿದಾಗ 6 ಲೀಟರ್ ದಾಟಿತು, ನೀರಿನಂತಿತ್ತು. ರಿಟರ್ನ್ ಪೈಪ್ ಜೋಡಣೆ ಸೋರುತ್ತಿತ್ತು, ಬದಲಿಸಿದ್ದಾರೆ. ಹೊಸ ಆಯಿಲ್ ಹಾಕಿ ಸ್ಟಾರ್ಟ್ ಮಾಡುತ್ತೇವೆ ಎನ್ನುತ್ತಿದ್ದಾರೆ.

ಮೆಕ್ಯಾನಿಕ್: ಈಗಲೇ ಬೇಡ. ಇಂಟರ್‌ಕೂಲರ್ ಮತ್ತು ಹೋಸ್‌ಗಳನ್ನು ಬಿಚ್ಚಿ, ಒಳಗೆ ನಿಂತಿರುವ ಆಯಿಲ್ ಬರಿದು ಮಾಡಿಸಿ. ಅದು ಅಲ್ಲೇ ಇದ್ದರೆ, ರೇಸ್ ಕೊಟ್ಟಾಗ ಒಮ್ಮೆಲೇ ಒಳನುಗ್ಗಬಹುದು. ಟರ್ಬೊ ಶಾಫ್ಟ್ ಅಲುಗಾಡುತ್ತಿದೆಯೇ ನೋಡಿಸಿ. ಆಯಿಲ್ ಫಿಲ್ಟರ್ ಹೊಸದು ಹಾಕಲಿ. ಸ್ಟಾರ್ಟ್ ಮಾಡುವಾಗ ಗಾಳಿಯ ಬಾಯಿ ಮುಚ್ಚಲು ಒಬ್ಬರು ದಪ್ಪ ಹಲಗೆ ಹಿಡಿದು ಸಿದ್ಧ ನಿಂತಿರಲಿ. ಆಮೇಲೆ ಪ್ರತಿದಿನ ಡಿಪ್‌ಸ್ಟಿಕ್ ನೋಡಿ. ಮಟ್ಟ ಮತ್ತೆ ಏರಿದರೆ ಪಂಪಿನ ಸೀಲ್ ನೋಡಿಸಿ.

ಹೆದ್ದಾರಿ: ಇಂಟರ್‌ಕೂಲರ್ ಬಿಚ್ಚಲು ಹೇಳಿದೆ ಸರ್. ಈಗಲೇ ಒಂದು ಲೋಟದಷ್ಟು ಸುರಿಯಿತು.