ಕಿವಿಯಲ್ಲಿ ಕೇಳಿದ ಯುರೋಪಿನ ಚರಿತ್ರೆ ನೆನಪಿನಲ್ಲಿ ನಿಲ್ಲುವುದು ಹೇಗೆ?

ಕ್ಯಾತ್ಸಂದ್ರ ಪ್ಯಾಸೆಂಜರ್ (ಪ್ರಶ್ನೆ)

ನಾನು ದಿನವೂ ತುಮಕೂರಿನಿಂದ ಯಶವಂತಪುರಕ್ಕೆ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುವವಳು. ನಿಂತೇ ಹೋಗಬೇಕಾದ ದಿನಗಳೇ ಹೆಚ್ಚಾದ್ದರಿಂದ ಪುಸ್ತಕ ಬಿಡಿಸಿ ಓದುವಂತಿಲ್ಲ. ಹೀಗಾಗಿ ಕಳೆದ ಎಂಟು ತಿಂಗಳಿಂದ ಮೊಬೈಲಿನಲ್ಲಿ ಇಂಗ್ಲಿಷ್ ಆಡಿಯೋಬುಕ್ ಕೇಳುತ್ತಿದ್ದೇನೆ. ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಓದಿದವಳಾದ ನನಗೆ ಯುರೋಪಿನ ಚರಿತ್ರೆ ಎಂದರೆ ಎಸ್ಸೆಸ್ಸೆಲ್ಸಿಯ ಪಾಠದಲ್ಲಿದ್ದ ಕಾನ್‌ಸ್ಟಾಂಟಿನೋಪಲ್ ಪತನ ಮತ್ತು ವಾಸ್ಕೋ ಡ ಗಾಮ, ಅಷ್ಟೇ. ಮಧ್ಯಯುಗದಿಂದ ಫ್ರಾನ್ಸಿನ ಕ್ರಾಂತಿಯವರೆಗಿನ ಕಥೆಯನ್ನು ಒಮ್ಮೆ ಸರಿಯಾಗಿ ತಿಳಿಯಬೇಕೆಂಬ ಆಸೆಯಿಂದ ಶುರುಮಾಡಿದೆ.

ಕೇಳುವಾಗ ಎಲ್ಲವೂ ಅರ್ಥವಾದಂತೆಯೇ ಇರುತ್ತದೆ, ಆದರೆ ರೈಲಿನಿಂದ ಇಳಿದ ಮೇಲೆ ಏನೂ ಉಳಿದಿರುವುದಿಲ್ಲ. ಒಂದು ಉದಾಹರಣೆ ಹೇಳುತ್ತೇನೆ. ಹಿರೇಹಳ್ಳಿ ದಾಟುವಾಗ ಸ್ಪೇನಿನ ದೊರೆ ಒಂದನೇ ಚಾರ್ಲ್ಸ್ ಬಂದ. ದೊಡ್ಡಬೆಲೆಯ ಹೊತ್ತಿಗೆ ಸಾಮ್ರಾಟ ಐದನೇ ಚಾರ್ಲ್ಸ್ ಬಂದ. ಅವರಿಬ್ಬರೂ ಒಬ್ಬನೇ ಎಂದು ನನಗೆ ಗೊತ್ತಾಗಲು ಮೂರು ದಿನ ಹಿಡಿಯಿತು. ಅಷ್ಟರಲ್ಲಿ 1649ರಲ್ಲಿ ತಲೆ ಕಡಿಸಿಕೊಂಡ ಇಂಗ್ಲೆಂಡಿನ ಒಂದನೇ ಚಾರ್ಲ್ಸ್ ಬೇರೆ ಸೇರಿಕೊಂಡ. ಪುಸ್ತಕವಾಗಿದ್ದರೆ ಹಿಂದಿನ ಪುಟ ತಿರುವಿ ನೋಡಬಹುದಿತ್ತು. ಯಾವ ಕ್ರಮದಲ್ಲಿ ಕೇಳಬೇಕು, ಕೇಳಿದ್ದನ್ನು ಹೇಗೆ ಹಿಡಿದಿಟ್ಟುಕೊಳ್ಳಬೇಕು ಎಂದು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಅಂತರಗಂಗೆ

ನಾನು ಕೋಲಾರದವನು, ಮೂವತ್ತೊಂದು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಟ್ಟು ನಿವೃತ್ತನಾದೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ನಾನೂ ಕೇಳುವುದಕ್ಕೇ ಒಗ್ಗಿಕೊಂಡಿದ್ದೇನೆ. ನಿಮ್ಮ ತೊಂದರೆ ಜ್ಞಾಪಕಶಕ್ತಿಯದ್ದಲ್ಲ ಮೇಡಂ. ಮನಸ್ಸಿನಲ್ಲಿ ಗೂಟವಿಲ್ಲದಿದ್ದರೆ ಹಸುವನ್ನು ಎಲ್ಲಿಗೆಂದು ಕಟ್ಟುವುದು? ನಮಗೆ ಗೊತ್ತಿರುವ ಇಸವಿಗಳೇ ಆ ಗೂಟಗಳು. ನಾನು ಮಕ್ಕಳಿಗೆ ಜೋಡಿ ಇಸವಿ ಹೇಳಿಕೊಡುತ್ತಿದ್ದೆ.

814ರಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಪಟ್ಟಕ್ಕೆ ಬಂದ. ಅದೇ ವರ್ಷದ ಜನವರಿಯಲ್ಲಿ, ಪೋಪನ ಕೈಯಿಂದ 800ರ ಕ್ರಿಸ್‌ಮಸ್ ದಿನ ಕಿರೀಟ ತೊಡಿಸಿಕೊಂಡಿದ್ದ ಫ್ರಾಂಕರ ದೊರೆ ಶಾರ್ಲ್‌ಮೇನ್ ತೀರಿಕೊಂಡ. ವಿಜಯನಗರದ ಸ್ಥಾಪನೆಗೆ ನಾವು ಹೇಳುವ ವರ್ಷ 1336. ಮರುವರ್ಷವೇ ಇಂಗ್ಲೆಂಡಿಗೂ ಫ್ರಾನ್ಸಿಗೂ ನೂರು ವರ್ಷಗಳ ಯುದ್ಧ ಹತ್ತಿಕೊಂಡಿತು, ಅದು ಮುಗಿದದ್ದು ಕಾನ್‌ಸ್ಟಾಂಟಿನೋಪಲ್ ಬಿದ್ದ 1453ರಲ್ಲಿ. 1509ರಲ್ಲಿ ಇಲ್ಲಿ ಕೃಷ್ಣದೇವರಾಯ, ಅಲ್ಲಿ ಇಂಗ್ಲೆಂಡಿನಲ್ಲಿ ಎಂಟನೇ ಹೆನ್ರಿ ಪಟ್ಟಕ್ಕೆ ಬಂದರು. ರಾಯರು ತೀರಿಕೊಂಡ 1529ರಲ್ಲಿಯೇ ಸುಲ್ತಾನ ಸುಲೇಮಾನನ ತುರ್ಕಿ ಸೈನ್ಯ ವಿಯೆನ್ನಾಕ್ಕೆ ಮುತ್ತಿಗೆ ಹಾಕಿ ಬರಿಗೈಯಲ್ಲಿ ಹಿಂತಿರುಗಿತು. ತಾಳಿಕೋಟೆಯ ಯುದ್ಧ ನಡೆದ 1565ರಲ್ಲಿ ಅದೇ ಸುಲೇಮಾನನ ನೌಕಾಪಡೆ ಮಾಲ್ಟಾ ದ್ವೀಪದ ಮುಂದೆ ನಿಂತಿತ್ತು. ಬಿಜಾಪುರದ ರಣದುಲ್ಲಾ ಖಾನನೂ ಷಹಜಿಯೂ ಕೆಂಪೇಗೌಡರಿಂದ ಬೆಂಗಳೂರನ್ನು ಕಸಿದುಕೊಂಡ 1638ರಲ್ಲಿ, ಮುಂದೆ ಎಪ್ಪತ್ತೆರಡು ವರ್ಷ ಫ್ರಾನ್ಸನ್ನು ಆಳಲಿದ್ದ ಹದಿನಾಲ್ಕನೇ ಲೂಯಿ ಹುಟ್ಟಿದ. ಈ ಜೋಡಿಗಳಿಗೆ ಪರಸ್ಪರ ಸಂಬಂಧ ಇರಬೇಕೆಂದಿಲ್ಲ, ಇರಿಸಬೇಕಾಗಿಯೂ ಇಲ್ಲ. ಹೊಸದಾಗಿ ಕೇಳಿದ್ದು ಯಾವ ಗೂಟಕ್ಕೆ ಹತ್ತಿರ ಎಂದು ಕೂಡಲೇ ಹೊಳೆದರೆ ಸಾಕು.

ಹೆಸರುಗಳ ವಿಷಯಕ್ಕೆ ಒಂದು ಮಾತು. ಇಂಗ್ಲಿಷ್ ಕಾಗುಣಿತಕ್ಕೆ ತಡಕಾಡಬೇಡಿ. ಕಿವಿಗೆ ಬಿದ್ದ ಹಾಗೆಯೇ ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ. ಉಚ್ಚಾರವನ್ನು ಹಿಡಿದಿಡುವುದರಲ್ಲಿ ನಮ್ಮ ಲಿಪಿಗೆ ಸಾಟಿಯಿಲ್ಲ. ಸ್ಪೇನಿನಲ್ಲಿ ಕಾರ್ಲೋಸ್, ಜರ್ಮನಿಯಲ್ಲಿ ಕಾರ್ಲ್, ಫ್ರೆಂಚರ ಬಾಯಲ್ಲಿ ಶಾರ್ಲ್, ಇಂಗ್ಲಿಷಿನಲ್ಲಿ ಚಾರ್ಲ್ಸ್ ಎಂದು ಒಂದೇ ಸಾಲಿನಲ್ಲಿ ಬರೆದರೆ ನಿಮ್ಮ ಮೂರು ದಿನ ಉಳಿಯುತ್ತಿತ್ತು.

ತಾರೀಖುಗಳು ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹತ್ತು ದಿನ ಹಿಂದುಮುಂದಾದರೆ ಗಾಬರಿಯಾಗಬೇಡಿ. 1582ರಲ್ಲಿ ಪೋಪ್ ಗ್ರೆಗರಿ ಪಂಚಾಂಗ ತಿದ್ದಿದಾಗ ಅಕ್ಟೋಬರ್ 4ರ ಮರುದಿನ 15 ಆಯಿತು. ಇಂಗ್ಲೆಂಡ್ ಅದನ್ನು ಒಪ್ಪಿದ್ದು 1752ರಲ್ಲಿ. ಚಾಂದ್ರಮಾನ ಯುಗಾದಿ, ಸೌರಮಾನ ಯುಗಾದಿ ಎರಡನ್ನೂ ಕಂಡ ನಮಗೆ ಇದೇನು ದೊಡ್ಡ ವಿಷಯವಲ್ಲ.

ಶಿಡ್ಲಘಟ್ಟದ ಗೂಡು

ಮೇಷ್ಟ್ರ ಕ್ರಮ ಚೆನ್ನಾಗಿದೆ, ಆದರೆ ನನ್ನಂಥವನಿಗೆ ಇಸವಿಗಳ ಪಟ್ಟಿ ಎಂದರೆ ಈಗಲೂ ಪರೀಕ್ಷೆಯ ಹಿಂದಿನ ರಾತ್ರಿಯೇ ನೆನಪಿಗೆ ಬರುತ್ತದೆ. ನಮ್ಮದು ರೇಷ್ಮೆ ನೂಲು ತೆಗೆಯುವ ಕಸುಬು. ಬೆಳಿಗ್ಗೆ ಮಾರುಕಟ್ಟೆಯಿಂದ ಗೂಡು ತಂದ ಮೇಲೆ ಸಂಜೆಯವರೆಗೂ ಬಿಸಿನೀರಿನ ಬೇಸಿನ್ನಿನ ಎದುರಿಗೇ ಇರುತ್ತೇನೆ. ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕುತ್ತೇನೆ. ಇನ್ನೊಂದು ಕಿವಿ ಯಂತ್ರದ ಸದ್ದಿಗೆ ಬೇಕು. ಗೂಡಿನ ಎಳೆ ಕಡಿದರೆ ಕೈ ಅತ್ತ ಹೋಗುತ್ತದೆ, ಕಥೆಯ ಎಳೆಯೂ ಕಡಿದುಹೋಗುತ್ತದೆ. ಹಾಗಾಗಿ ನಾನು ದೊರೆಗಳನ್ನು ಬಿಟ್ಟು ಒಂದು ಸರಕನ್ನು ಹಿಡಿದುಕೊಂಡೆ. ಯಾವ ಪುಸ್ತಕ ಕೇಳಿದರೂ ರೇಷ್ಮೆಯ ಪ್ರಸ್ತಾಪ ಬಂದಾಗ ಕಿವಿ ನಿಮಿರುತ್ತದೆ, ಅದರ ಹಿಂದುಮುಂದಿನದು ತಾನಾಗಿಯೇ ನೆನಪಿರುತ್ತದೆ.

ಸುಮಾರು 552ರಲ್ಲಿ, ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಗಿದ್ದ ಬೈಜಾಂಟಿಯಂನ ದೊರೆ ಜಸ್ಟೀನಿಯನ್‌ಗೆ ಕೆಲವು ಸನ್ಯಾಸಿಗಳು ಪೂರ್ವದ ದೇಶದಿಂದ ರೇಷ್ಮೆ ಮೊಟ್ಟೆಯನ್ನು ಗುಟ್ಟಾಗಿ ತಂದುಕೊಟ್ಟರೆಂದು ಅವನ ಕಾಲದವನೇ ಆದ ಪ್ರೊಕೋಪಿಯಸ್ ಬರೆದಿದ್ದಾನೆ. ಇದನ್ನು ಕೇಳಿದ ದಿನ ನಾನು ಯಂತ್ರ ನಿಲ್ಲಿಸಿ ಯೋಚಿಸಿದೆ. ನಮ್ಮ ಮೈಸೂರು ತಳಿಯ ಮೊಟ್ಟೆಯಾಗಿದ್ದರೆ ಹತ್ತು ಹನ್ನೊಂದು ದಿನಕ್ಕೇ ಮರಿ ಹೊರಬಂದು, ಹಿಪ್ಪುನೇರಳೆ ಸೊಪ್ಪಿಲ್ಲದೆ ದಾರಿಯಲ್ಲೇ ಸಾಯುತ್ತಿತ್ತು. ಅಷ್ಟು ದೂರ ತಂದರೆಂದರೆ ಅದು ಚಳಿಗಾಲ ಪೂರ್ತಿ ನಿದ್ರೆ ಮಾಡುವ, ವರ್ಷಕ್ಕೊಂದೇ ಬೆಳೆಯ ತಳಿಯೇ ಆಗಿರಬೇಕು. ಪುಸ್ತಕದಲ್ಲಿ ಈ ಮಾತು ಇರಲಿಲ್ಲ, ಕಸುಬಿನವನಿಗೆ ಹೊಳೆಯಿತು.

ಆಮೇಲೆ ಅದೇ ಎಳೆ ಹಿಡಿದು ಹೋದರೆ 13ನೇ ಶತಮಾನದ ಇಟಲಿಯ ಲುಕ್ಕಾ, 16ನೇ ಶತಮಾನದ ಫ್ರಾನ್ಸಿನ ಲಿಯೋನ್ ಸಿಗುತ್ತವೆ. ಫ್ರಾನ್ಸಿನ ದೊರೆ ನಾಲ್ಕನೇ ಹೆನ್ರಿ 1598ರಲ್ಲಿ ನಾಂತ್ ಎಂಬ ಊರಿನಲ್ಲಿ ಪ್ರಾಟೆಸ್ಟಂಟರಿಗೆ ಅಭಯ ಕೊಟ್ಟ ಶಾಸನವನ್ನು ಮೇಷ್ಟ್ರು ಹೇಳಿದ ಹದಿನಾಲ್ಕನೇ ಲೂಯಿ 1685ರಲ್ಲಿ ರದ್ದುಮಾಡಿದ. ಹ್ಯೂಗನಾಟರೆಂದು ಕರೆಸಿಕೊಂಡ ಆ ಜನ ಊರು ಬಿಟ್ಟರು. ಅವರಲ್ಲಿದ್ದ ನೇಕಾರರು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಮಗ್ಗ ಹೂಡಿದರು. ಧರ್ಮಸುಧಾರಣೆಯ ಅಧ್ಯಾಯವನ್ನು ನಾನು ಎರಡು ಸಲ ಅರ್ಧಕ್ಕೇ ಬಿಟ್ಟಿದ್ದೆ. ಮಗ್ಗ ಹೊತ್ತುಕೊಂಡು ಹೊರಟ ಈ ಜನರ ಕಥೆ ಕೇಳಿದ ಮೇಲೆ, ಇವರಿಗೆ ಯಾಕೆ ಈ ಗತಿ ಬಂತೆಂದು ತಿಳಿಯಲು ಹಿಂದಕ್ಕೆ ಹೋಗಿ, ಧರ್ಮಸುಧಾರಣೆ ಶುರುಮಾಡಿದ 1517ರ ಲೂಥರನಿಂದ ಪೂರ್ತಿ ಕೇಳಿದೆ.

ನಂದಿ ತಪ್ಪಲು

ಎಲ್ಲರೂ ಉತ್ಸಾಹದಿಂದ ಬರೆದಿದ್ದೀರಿ, ಕ್ಷಮಿಸಿ, ನಾನು ಸ್ವಲ್ಪ ತಕರಾರು ಮಾಡುತ್ತೇನೆ. ಚರಿತ್ರೆಯ ಕೆಲವು ಭಾಗಗಳು ಕಿವಿಗೆ ಒಗ್ಗುವಂಥವಲ್ಲ. ಜೋನ್ ಆಫ್ ಆರ್ಕ್‌ಳ ಕಥೆಯನ್ನು ಕೇಳಬಹುದು; ಒಬ್ಬ ವ್ಯಕ್ತಿ, ಎರಡು ವರ್ಷ, 1431ರಲ್ಲಿ ರೂಅನ್ ಊರಿನ ಚಿತೆಯಲ್ಲಿ ಕೊನೆ. ಆದರೆ 1618ರಿಂದ 1648ರವರೆಗಿನ ಮೂವತ್ತು ವರ್ಷಗಳ ಯುದ್ಧವನ್ನು ನಕ್ಷೆಯಿಲ್ಲದೆ ಕೇಳುವುದೆಂದರೆ ಕತ್ತಲೆಯಲ್ಲಿ ಚೌಕಾಬಾರ ಆಡಿದಂತೆ. ಸ್ಪೇನ್ ತನ್ನ ಸೈನಿಕರನ್ನು ಸಮುದ್ರದ ಮೇಲೆ ಜಿನೋವಾಕ್ಕೆ ತಂದು, ಮಿಲಾನಿನಿಂದ ಆಲ್ಪ್ಸ್ ದಾಟಿಸಿ ನೆದರ್ಲೆಂಡ್ಸಿಗೆ ಏಕೆ ಕಳುಹಿಸುತ್ತಿತ್ತೆಂಬುದು ನಕ್ಷೆ ನೋಡಿದ ಕ್ಷಣದಲ್ಲಿ ತಿಳಿಯುತ್ತದೆ, ಕೇಳಿದರೆ ಒಂದು ಗಂಟೆಯಾದರೂ ತಿಳಿಯುವುದಿಲ್ಲ. ನಾನು ದುಡ್ಡು ಕೊಟ್ಟು ಕೊಂಡ ಒಂದು ಆಡಿಯೋಬುಕ್‌ನಲ್ಲಿ ಓದುವವರು ನಾಲ್ಕಾರು ಬಾರಿ ‘ನಕ್ಷೆಯನ್ನು ನೋಡಿ’ ಎಂದು ಗಂಭೀರವಾಗಿ ಹೇಳಿದರು. ಯಾವ ನಕ್ಷೆ? ಅದರ ಜೊತೆಗೆ ಒಂದು ಚಿತ್ರವನ್ನೂ ಕೊಟ್ಟಿರಲಿಲ್ಲ.

ಆ ಯುದ್ಧದ ಹಿಂದಿನ ರಾಜ್ಯವ್ಯವಸ್ಥೆಯನ್ನು ಅರ್ಥಮಾಡಿಕೊಳ್ಳಲು ನನಗೆ ನೆರವಾದದ್ದು ನಮ್ಮ ಸೀಮೆಯೇ. ಚಿಕ್ಕಬಳ್ಳಾಪುರ, ದೇವನಹಳ್ಳಿ, ದೊಡ್ಡಬಳ್ಳಾಪುರ, ಮಾಗಡಿ ಎಂದು ಗಾವುದಕ್ಕೊಬ್ಬ ಪಾಳೆಯಗಾರನಿದ್ದು, ಮೇಲೊಬ್ಬ ದೊರೆಯ ಹೆಸರಿತ್ತಲ್ಲ, ಈಗಿನ ಜರ್ಮನಿ ಮತ್ತು ಅದರ ಸುತ್ತಲಿನ ಸೀಮೆಗಳ ಪವಿತ್ರ ರೋಮನ್ ಸಾಮ್ರಾಜ್ಯವನ್ನು ಹಾಗೆ ಕಲ್ಪಿಸಿಕೊಳ್ಳಬಹುದು. ವ್ಯತ್ಯಾಸವೆಂದರೆ ಅಲ್ಲಿ ಸಾಮ್ರಾಟನನ್ನು ಆರಿಸುವ ಹಕ್ಕು ಏಳು ಜನರಿಗಿತ್ತು. 1356ರ ಶಾಸನ ಅದನ್ನು ಗೊತ್ತುಪಡಿಸಿತ್ತು. ಮೈನ್ಸ್, ಟ್ರಿಯರ್, ಕಲೋನ್‌ಗಳ ಮೂವರು ಆರ್ಚ್‌ಬಿಷಪ್ಪರು ಕ್ಯಾಥೊಲಿಕರು. ಸ್ಯಾಕ್ಸನಿ, ಬ್ರಾಂಡೆನ್‌ಬರ್ಗ್, ಪ್ಯಾಲಟಿನೇಟ್‌ಗಳ ಮೂವರು ದೊರೆಗಳು ಆ ಹೊತ್ತಿಗೆ ಪ್ರಾಟೆಸ್ಟಂಟರು. ಏಳನೆಯವನು, ಪ್ರಾಗ್ ರಾಜಧಾನಿಯಾಗಿದ್ದ ಬೊಹೀಮಿಯಾದ ದೊರೆ. ಮೂರಕ್ಕೆ ಮೂರು ಸರಿಸಮವಾದಾಗ ಏಳನೆಯ ಮತ ಯಾರ ಕಡೆ? ಪ್ರಾಗ್ ಕೋಟೆಯ ಕಿಟಕಿಯಿಂದ 1618ರ ಮೇ 23ರಂದು ಸಾಮ್ರಾಟನ ಅಧಿಕಾರಿಗಳಿಬ್ಬರನ್ನೂ ಅವರ ಕಾರ್ಯದರ್ಶಿಯನ್ನೂ ಎತ್ತಿ ಹೊರಗೆಸೆದ ಗಲಾಟೆ (ಮೂವರೂ ಬದುಕಿಕೊಂಡರು) ಇಡೀ ಯುರೋಪನ್ನು ಎಳೆದುಕೊಂಡದ್ದಕ್ಕೆ ಈ ಲೆಕ್ಕವೂ ಒಂದು ಕಾರಣ. ಕೊನೆಗೆ ಸಂಧಿಯ ಮಾತುಕತೆಗೂ ಎಲ್ಲರೂ ಒಂದೇ ಊರಿನಲ್ಲಿ ಕೂರಲಿಲ್ಲ. ಕ್ಯಾಥೊಲಿಕರ ಕಡೆಯದು ಮ್ಯೂನ್‌ಸ್ಟರ್‌ನಲ್ಲಿ, ಸ್ವೀಡನ್ ಕಡೆಯದು ಓಸ್ನಾಬ್ರೂಕ್‌ನಲ್ಲಿ ನಡೆಯಿತು. ಎರಡಕ್ಕೂ ಇರುವ ದೂರ ಹೆಚ್ಚುಕಡಿಮೆ ಚಿಕ್ಕಬಳ್ಳಾಪುರಕ್ಕೂ ಬೆಂಗಳೂರಿಗೂ ಇರುವಷ್ಟು.

ಉಚಿತವಾಗಿ ಸಿಗುವುದನ್ನು ಕೇಳುವವರಿಗೆ ಒಂದು ಎಚ್ಚರಿಕೆ. ಲಿಬ್ರಿವಾಕ್ಸ್‌ನಲ್ಲಿ ಸ್ವಯಂಸೇವಕರು ಓದಿ ಹಾಕುವುದು ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು, ಅಂದರೆ ಹೆಚ್ಚಿನವು ನೂರು ವರ್ಷಕ್ಕಿಂತ ಹಳೆಯವು. ರೋಮಿನ ಪತನದ ಬಗ್ಗೆ ಎಡ್ವರ್ಡ್ ಗಿಬ್ಬನ್ ಬರೆದ ಆರು ಸಂಪುಟಗಳು ಪ್ರಕಟವಾದದ್ದು 1776 ಮತ್ತು 1788ರ ನಡುವೆ. ಅವನ ಗದ್ಯ ಕೇಳಲು ಬಲು ಸೊಗಸು, ಆದರೆ ಬೈಜಾಂಟಿಯಂ ಬಗ್ಗೆ ಅವನಿಗಿದ್ದ ತಾತ್ಸಾರವನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ಹಳೆಯದನ್ನು ಕೇಳುವುದಾದರೆ ಈಚಿನ ಒಂದು ಪುಸ್ತಕ ಮುಗಿಸಿದ ಮೇಲೆ ಕೇಳಿ.

ಗುಬ್ಬಿಯ ಅಜ್ಜಿ

ಮಗಳೇ, ಇಷ್ಟು ಜನ ತಿಳಿದವರು ಹೇಳಿದ ಮೇಲೆ ನಾನು ಹೇಳುವುದು ಸ್ವಲ್ಪವೇ. ನಮ್ಮ ಮನೆಯಲ್ಲಿ ಕುಮಾರವ್ಯಾಸ ಭಾರತವನ್ನು ಓದಿಸುತ್ತಿದ್ದರು. ಒಬ್ಬರು ರಾಗವಾಗಿ ಪದ್ಯ ವಾಚಿಸಿದರೆ, ಪಕ್ಕದಲ್ಲಿ ಕುಳಿತ ಇನ್ನೊಬ್ಬರು ಅದರ ಅರ್ಥ ಬಿಡಿಸಿ ವ್ಯಾಖ್ಯಾನ ಮಾಡುತ್ತಿದ್ದರು. ಅಕ್ಷರ ಬಾರದ ನಮ್ಮತ್ತೆಗೆ ಇಡೀ ಉದ್ಯೋಗಪರ್ವ ಬಾಯಿಗೆ ಬರುತ್ತಿದ್ದದ್ದು ಹಾಗೆ. ನಿಮ್ಮ ಆಡಿಯೋಬುಕ್‌ನಲ್ಲಿ ವಾಚನ ಮಾತ್ರ ಇದೆ, ವ್ಯಾಖ್ಯಾನ ಇಲ್ಲ. ಅದನ್ನು ನೀವೇ ಮಾಡಬೇಕು.

ಯುರೋಪಿನವರಿಗೂ ಕೇಳುವುದು ಹೊಸದೇನಲ್ಲ. ಬೆನೆಡಿಕ್ಟ್ ಸಂತ ಆರನೇ ಶತಮಾನದಲ್ಲಿ ತನ್ನ ಮಠಗಳಿಗೆ ಮಾಡಿದ ಕಟ್ಟಳೆಯಲ್ಲಿ, ಊಟದ ಹೊತ್ತಿಗೆ ವಾರಕ್ಕೊಬ್ಬರ ಸರದಿಯಂತೆ ಒಬ್ಬ ಸನ್ಯಾಸಿ ಓದಬೇಕು, ಉಳಿದವರು ಪಿಸುಗುಟ್ಟದೆ ಕೇಳಬೇಕು ಎಂದಿದೆ. 15ನೇ ಶತಮಾನದಲ್ಲಿ ವಿಜಯನಗರವನ್ನು ನೋಡಿಹೋದ ವೆನಿಸ್ಸಿನ ನಿಕೊಲೊ ಕೊಂಟಿಯೂ ತಾನೇ ಬರೆಯಲಿಲ್ಲ. ದಾರಿಯಲ್ಲಿ ಮತ ಬಿಟ್ಟದ್ದಕ್ಕೆ ಪ್ರಾಯಶ್ಚಿತ್ತವಾಗಿ ಕಂಡದ್ದನ್ನೆಲ್ಲ ಹೇಳಬೇಕೆಂದು ಪೋಪ್ ವಿಧಿಸಿದ. ಅವನು ಹೇಳಿದ, ಪೋಪನ ಕಾರ್ಯದರ್ಶಿ ಪೋಜೊ ಬರೆದುಕೊಂಡ.

ನಾನು ಸಂಜೆ ಅವರೆಕಾಯಿ ಸುಲಿಯುವಾಗ ಒಂದು ಅಧ್ಯಾಯ ಕೇಳಿ ನಿಲ್ಲಿಸುತ್ತೇನೆ. ಆಮೇಲೆ ಕಾಳು ಹಿಸುಕುತ್ತಾ ಕೂತ ಮೊಮ್ಮಗನಿಗೆ ಅದನ್ನು ಕನ್ನಡದಲ್ಲಿ ಹೇಳುತ್ತೇನೆ. ಎಲ್ಲಿ ತಡವರಿಸುತ್ತೇನೋ ಅಲ್ಲಿ ನನಗೇ ಅರ್ಥವಾಗಿಲ್ಲವೆಂದು ಗೊತ್ತಾಗುತ್ತದೆ. ಮರುದಿನ ಅಷ್ಟನ್ನೇ ಇನ್ನೊಮ್ಮೆ ಕೇಳುತ್ತೇನೆ.

ಕ್ಯಾತ್ಸಂದ್ರ ಪ್ಯಾಸೆಂಜರ್

ಎಲ್ಲರಿಗೂ ನಮಸ್ಕಾರ. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಮೂವತ್ತು ವರ್ಷಗಳ ಯುದ್ಧವನ್ನು, ನಕ್ಷೆ ಇರುವ ಪುಸ್ತಕವೊಂದು ಸಿಗುವವರೆಗೆ, ಬದಿಗಿಟ್ಟಿದ್ದೇನೆ. ಉಳಿದಂತೆ ಮೇಷ್ಟ್ರು ಹೇಳಿದ ಹಾಗೆ ಹೆಸರುಗಳನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೇನೆ. ಅಜ್ಜಿಯವರು ಹೇಳಿದ ಹಾಗೆ, ರಾತ್ರಿ ಅಡುಗೆಮನೆಯಲ್ಲಿ ನಮ್ಮತ್ತೆಗೆ ಐದನೇ ಚಾರ್ಲ್ಸನ ಕಥೆಯನ್ನು ಕಂತುಕಂತಾಗಿ ಹೇಳಿದೆ. ಅವರ ಮೊದಲ ಪ್ರಶ್ನೆ, ಅಷ್ಟೊಂದು ದೇಶ ಆಳಿದವನ ಮನೆಮಾತು ಯಾವುದು ಎಂಬುದಾಗಿತ್ತು. ನನಗೆ ಗೊತ್ತಿರಲಿಲ್ಲ. ಮತ್ತೆ ಕೇಳಿದಾಗ, ಗೆಂಟ್ ಊರಿನಲ್ಲಿ 1500ರಲ್ಲಿ ಹುಟ್ಟಿ ಫ್ರೆಂಚ್ ಆಡುತ್ತಾ ಬೆಳೆದ ಅವನಿಗೆ, 1517ರಲ್ಲಿ ತನ್ನದೇ ರಾಜ್ಯವಾದ ಸ್ಪೇನಿಗೆ ಕಾಲಿಟ್ಟಾಗ ಅಲ್ಲಿನ ಭಾಷೆಯೇ ಸರಿಯಾಗಿ ಬರುತ್ತಿರಲಿಲ್ಲ ಎಂಬುದು ಸಿಕ್ಕಿತು. ಮೊದಲ ಸಲ ಅದು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಅವನು ಬದುಕಿರುವಾಗಲೇ ಎಲ್ಲವನ್ನೂ ಬಿಟ್ಟುಕೊಟ್ಟು, ತಮ್ಮ ಫರ್ಡಿನಾಂಡನಿಗೆ ಸಾಮ್ರಾಟ ಪದವಿಯನ್ನೂ, ಮಗ ಫಿಲಿಪನಿಗೆ ಸ್ಪೇನ್, ನೆದರ್ಲೆಂಡ್ಸ್ ಮತ್ತು ಇಟಲಿಯ ಸೀಮೆಗಳನ್ನೂ ಪಾಲು ಮಾಡಿ, ಯುಸ್ತೆ ಎಂಬಲ್ಲಿನ ಮಠ ಸೇರಿದ ಭಾಗ ಹೇಳಿದಾಗ ಅತ್ತೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕೇಳಿದರು: ‘ಪಾಲಿನ ಜೊತೆಗೆ ಸಾಲವೂ ಬಂತೇನಮ್ಮ?’ ಮರುದಿನ ರೈಲಿನಲ್ಲಿ ಅದಕ್ಕಾಗಿಯೇ ಮುಂದಿನ ಅಧ್ಯಾಯ ಕೇಳಿದೆ. ಬಂದಿತ್ತು. ಪಟ್ಟಕ್ಕೆ ಬಂದ ಮರುವರ್ಷವೇ, 1557ರಲ್ಲಿ, ಫಿಲಿಪ ಸಾಲ ಕೊಟ್ಟವರಿಗೆ ಕೈಯೆತ್ತಿದ್ದ.