ಲಾಲ್‌ಬಾಗ್ ಹಳೆಯ ರೂಪಕ್ಕೆ ಬರಬೇಕು ಅಂದರೆ ಯಾವ ರೂಪಕ್ಕೆ?

ಪ್ರಶ್ನೆ:
ಲಾಲ್‌ಬಾಗಿನ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಹೇಳುತ್ತಾರೆ, ಹೈದರಾಲಿ ಮಾಡಿಸಿದ್ದು ಹೇಗಿತ್ತೋ ಹಾಗೇ ಮತ್ತೆ ಮಾಡಬೇಕು ಅಂತ. ಕೇಳೋಕೆ ಚೆನ್ನಾಗಿದೆ. ಆದರೆ 1760ರಲ್ಲಿ ಶುರುವಾದಾಗ ಅದು ಸುಮಾರು 40 ಎಕರೆ, ಈಗ 240. ಅವನ ಕಾಲದ್ದು ಅಲ್ಲಿ ಏನು ಉಳಿದಿದೆ? ದಿಲ್ಲಿಯ ಹುಮಾಯೂನ್ ಗೋರಿಯ ತೋಟವನ್ನು ಹಳೆಯ ಹಾಗೆ ಸರಿಮಾಡಿದರಲ್ಲ, ಇಲ್ಲೂ ಆಗುತ್ತಾ?

ಉತ್ತರ 1:
ಆಗಲ್ಲ, ಆಗಬಾರದು ಕೂಡ. ಹೈದರ್ ಶಿರಾದಲ್ಲಿದ್ದ ಮೊಗಲ್ ತೋಟ ನೋಡಿ ಇದನ್ನು ಮಾಡಿಸಿದ ಅಂತಾರೆ, ಟಿಪ್ಪು ದೂರದೂರದಿಂದ ಗಿಡ ತರಿಸಿ ಬೆಳೆಸಿದ, ಆಮೇಲೆ 1856ರಲ್ಲಿ ಅದು ಸರ್ಕಾರಿ ಸಸ್ಯತೋಟ ಆಯ್ತು. ನಂತರ ತೋಟದ ಉಸ್ತುವಾರಿಗೆ ಜಾನ್ ಕ್ಯಾಮರಾನ್ ಬಂದರು. ನಾವು ದಿನಾ ಪಲ್ಯ ಮಾಡುವ ಸೀಮೆಬದನೆ ಈ ಕಡೆ ಬಂದದ್ದೇ ಅವರಿಂದ. ಗಾಜಿನಮನೆಗೆ ಅಡಿಗಲ್ಲು ಬಿದ್ದದ್ದೂ ಅವರ ಕಾಲದಲ್ಲೇ, 1889ರಲ್ಲಿ, ಅದರಲ್ಲೂ ಒಂದು ಭಾಗ 1935ರಲ್ಲಿ ಸೇರಿಸಿದ್ದು. 1908ರಲ್ಲಿ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಬಂದರು. 1760ಕ್ಕೆ ವಾಪಸ್ ಹೋಗಬೇಕು ಅಂದರೆ ಇವೆಲ್ಲ ಕಿತ್ತುಹಾಕಬೇಕು. ಗಾಜಿನಮನೆ ಇಲ್ಲದ ಲಾಲ್‌ಬಾಗ್ ಯಾರಿಗೆ ಬೇಕು ಹೇಳಿ?

ಉತ್ತರ 2:
ಹುಮಾಯೂನ್ ತೋಟದ ಕಥೆ ಬೇರೆ. ಅಲ್ಲಿ ಮೂಲ ನಕ್ಷೆ ನೆಲದಲ್ಲೇ ಇತ್ತು. ಅದು ಚಾರ್‌ಬಾಗ್, ಅಂದರೆ ನೀರಿನ ಕಾಲುವೆ, ಕಾಲುದಾರಿಗಳಿಂದ ನಾಲ್ಕಾಗಿ ಒಡೆದ ತೋಟ. ಬ್ರಿಟಿಷರು ನಡುವೆ ದುಂಡನೆಯ ಹೂಪಾತಿ ಮಾಡಿದ್ದರು, ದೇಶ ಇಬ್ಭಾಗ ಆದಾಗ ನಿರಾಶ್ರಿತರು ಅಲ್ಲೇ ಬಿಡಾರ ಹೂಡಿದ್ದರು. ಇಷ್ಟಾದರೂ ಕಲ್ಲಿನ ಗೆರೆಗಳು ಅಳಿಸಿಹೋಗಿರಲಿಲ್ಲ. 1997ರಿಂದ 2003ರವರೆಗೆ ಆಗಾ ಖಾನ್ ಟ್ರಸ್ಟ್ ಮತ್ತು ಪುರಾತತ್ವ ಇಲಾಖೆ ಸೇರಿ ಕೆಲಸ ಮಾಡಿದರು. ಮೊದಲು ಗಿಡ ನೆಡಲಿಲ್ಲ, ಮಣ್ಣು ತೆಗೆದರು. ವರ್ಷಗಳಿಂದ ತುಂಬಿಕೊಂಡಿದ್ದ ಸಾವಿರಾರು ಲಾರಿ ಮಣ್ಣು ಹೊರಹೋದ ಮೇಲೆ ಹಳೆಯ ಮಟ್ಟ ಸಿಕ್ಕಿತು. ನನಗೆ ಇಷ್ಟವಾದದ್ದು ಕಾಲುವೆಯ ಕೆಲಸ: 40 ಮೀಟರಿಗೆ ಬರೀ 1 ಸೆಂಟಿಮೀಟರ್ ಇಳಿಜಾರು! ಅಷ್ಟು ಸಣ್ಣ ಇಳಿಜಾರನ್ನು ಕಲ್ಲುಕುಟಿಗರು ಕೈಯಲ್ಲೇ ಕೂರಿಸಿದ್ದಾರೆ. ಒಂದು ಕಲ್ಲು ಸ್ವಲ್ಪ ಎದ್ದರೂ ನೀರು ಅಲ್ಲೇ ನಿಂತುಬಿಡುತ್ತದೆ. ಹಳೆಯ ಬಾವಿಗಳ ಹೂಳು ತೆಗೆದರು, ಮಳೆನೀರು ಇಂಗಲು ಗುಂಡಿ ಮಾಡಿದರು. ಆಮೇಲೇ ನಿಂಬೆ, ದಾಳಿಂಬೆ, ದಾಸವಾಳ ನೆಟ್ಟದ್ದು.

ಉತ್ತರ 3:
ಕಟ್ಟಡವನ್ನು ಒಂದು ಕಾಲಕ್ಕೆ ನಿಲ್ಲಿಸಬಹುದು, ಮರವನ್ನು ನಿಲ್ಲಿಸೋಕೆ ಆಗಲ್ಲ ಅಲ್ವಾ. ಲಾಲ್‌ಬಾಗಿನಲ್ಲಿ ಟಿಪ್ಪು ಕಾಲದ ಮಾವು ಅಂತ ತೋರಿಸುತ್ತಾರೆ. ಅದು ಬಿದ್ದ ದಿನ ಅದೇ ಜಾಗದಲ್ಲಿ ನರ್ಸರಿಯಿಂದ ಯಾವುದೋ ಮಾವು ತಂದು ನೆಟ್ಟರೆ ಅದು ಹಳೆಯದು ಆಗುತ್ತಾ? ಇಲ್ಲ. ಹಳೆಯ ಮರ ಬದುಕಿರುವಾಗಲೇ ಅದರ ಕಡ್ಡಿ ತೆಗೆದು ಬೇರೆ ಮಾವಿನ ಸಸಿಗೆ ಕಸಿ ಕಟ್ಟಿದರೆ ಅದೇ ಮರ ಮುಂದುವರಿಯುತ್ತದೆ. ಬೀಜ ನೆಟ್ಟರೆ ತಾಯಿಯ ಗುಣವೇ ಬರುತ್ತದೆ ಅನ್ನೋಕೆ ಆಗಲ್ಲ, ಅದಕ್ಕೇ ಕಸಿ. ಇನ್ನೊಂದು, ಹಳೆಯ ಮರದ ಬುಡಕ್ಕೆ ಸಿಮೆಂಟ್ ಕಟ್ಟೆ ಕಟ್ಟಬಾರದು. ಜನ ಕೂರೋಕೆ ಅಂತ ಪ್ರೀತಿಯಿಂದಲೇ ಕಟ್ಟುತ್ತಾರೆ, ಆದರೆ ಬೇರಿಗೆ ಗಾಳಿ ನೀರು ಎರಡೂ ಹೋಗಲ್ಲ. ಸುಮ್ನೆ ತುಳಿದು ತುಳಿದು ಮಣ್ಣು ಗಟ್ಟಿಯಾದರೂ ಇದೇ ಗತಿ. ಬುಡದ ಸುತ್ತ ತರಗೆಲೆ ಹಾಗೇ ಬಿಟ್ಟು ಜನರನ್ನು ನಾಲ್ಕು ಹೆಜ್ಜೆ ದೂರ ಇಟ್ಟರೆ ಅದೇ ದೊಡ್ಡ ಉಪಕಾರ.

ಪ್ರಶ್ನೆ ಕೇಳಿದವರು:
ನಾನು ಬರೀ ನಕ್ಷೆ, ಕಟ್ಟಡದ ಬಗ್ಗೆಯೇ ಯೋಚಿಸುತ್ತಿದ್ದೆ, ಕಸಿಯ ವಿಷಯ ಹೊಳೆದೇ ಇರಲಿಲ್ಲ. ಇನ್ನೂರು ವರ್ಷ ದಾಟಿದ ಮರದಿಂದ ಕಡ್ಡಿ ತೆಗೆದರೆ ಕಸಿ ಹಿಡಿಯುತ್ತಾ?

ಉತ್ತರ 3:
ಮರ ಎಷ್ಟೇ ಹಳೆಯದಾದರೂ ಅದರಲ್ಲಿ ಈ ವರ್ಷ ಬಂದ ಚಿಗುರು ಹೊಸದೇ. ಗಟ್ಟಿಯಾದ, ರೋಗ ಇಲ್ಲದ ಚಿಗುರು ಸಿಕ್ಕರೆ ಹಿಡಿಯುತ್ತದೆ. ಒಂದಕ್ಕೆ ನಿಲ್ಲಿಸಬೇಡಿ, ಹತ್ತಾರು ಕಟ್ಟಿ. ಎಷ್ಟೋ ಒಣಗಿಹೋಗುತ್ತವೆ.