‘ಕರುಳು ಸುತ್ತಿಕೊಂಡಿದೆ’ ಅಂದರೆ ಯಾವ ಕರುಳು?

ಎಲ್ಲರಿಗೂ ನಮಸ್ಕಾರ. ಒಂದು ಮಾತಿಗೆ ನಿಮ್ಮ ನಿಮ್ಮ ಊರಿನ ಬಳಕೆ ಬೇಕಾಗಿದೆ.

ಒಂದೂವರೆ ತಿಂಗಳ ಹಿಂದೆ ನನ್ನ ತಂಗಿಯ ಮಗಳು ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದಳು. ಎಂಟು ತಿಂಗಳ ಬಸುರಿ. ಬೆಂಗಳೂರಲ್ಲೇ ಹುಟ್ಟಿ ಬೆಳೆದವಳು, ಓದಿದ್ದೆಲ್ಲ ಇಂಗ್ಲಿಷಲ್ಲಿ. ರಿಪೋರ್ಟಿನಲ್ಲಿ ‘ಕಾರ್ಡ್ ಅರೌಂಡ್ ದಿ ನೆಕ್, ಸಿಂಗಲ್ ಲೂಪ್’ ಅಂತ ಒಂದು ಸಾಲಿತ್ತು, ಅಂದರೆ ಹೊಕ್ಕುಳಬಳ್ಳಿ ಮಗುವಿನ ಕತ್ತಿನ ಸುತ್ತ ಒಂದು ಸುತ್ತು ಇದೆ ಅಂತ. ಡಾಕ್ಟರು ಏನೂ ತೊಂದರೆ ಇಲ್ಲ ಅಂದಿದ್ದರು, ಅವಳೂ ಆರಾಮಾಗಿದ್ದಳು. ನಮ್ಮಮ್ಮ ಪಕ್ಕದಲ್ಲಿ ಅವರೆಕಾಳು ಸುಲಿಯುತ್ತಾ ಕೂತಿದ್ದರು. ವಿಷಯ ಕೇಳಿ, ಕೈಕೆಲಸ ಬಿಡದೆ, “ಓ, ಮಗೂಗೆ ಕರುಳು ಸುತ್ಕೊಂಡಿದ್ಯಾ?” ಅಂದರು. ಹುಡುಗಿ ಬಿಳಿಚಿಕೊಂಡಳು. ಮಗುವಿನ ಹೊಟ್ಟೆಯೊಳಗಿನ ಕರುಳೇ ಹೊರಗೆ ಬಂದು ಸುತ್ತಿಕೊಂಡಿದೆ ಅಂದುಕೊಂಡಿದ್ದಳು! ಅವಳು ಯಾಕೆ ಅಳುತ್ತಿದ್ದಾಳೆ ಅಂತ ಅಮ್ಮನಿಗೆ ಅರ್ಥವೇ ಆಗಲಿಲ್ಲ.

ಅಮ್ಮನ ಮಾತಲ್ಲಿ ತಪ್ಪಿಲ್ಲ. ಅವರ ಕಾಲದವರಿಗೆ ಊಟ ಅರಗಿಸುವುದೂ ಕರುಳೇ, ತಾಯಿ ಮಗುವನ್ನು ಕಟ್ಟಿಟ್ಟಿರುವುದೂ ಕರುಳೇ. ಕರುಳಬಳ್ಳಿ, ಕರುಳಕುಡಿ, ಕರುಳು ಚುರುಕ್ ಅನ್ನುವುದು ಎಲ್ಲ ಅಲ್ಲಿಂದಲೇ ಬಂದವು ಅಲ್ವಾ? ತೆಲುಗಿನವರೂ ಹೀಗೇ, ಎರಡಕ್ಕೂ ‘ಪೇಗು’ ಅನ್ನುತ್ತಾರೆ. ತಮಿಳಿನವರದು ‘ತೊಪ್ಪುಳ್ ಕೊಡಿ’. ಕೊಡಿ ಅಂದರೆ ಬಳ್ಳಿ. ನಮ್ಮ ‘ಹೊಕ್ಕುಳಬಳ್ಳಿ’ಯೂ ಅದೇ ಜಾಡಿನದು. ನಮಗೆ ಎರಡೂ ಇವೆ. ಬರಹದಲ್ಲಿ ಬಳ್ಳಿ, ಬಾಯಲ್ಲಿ ಕರುಳು. ಇನ್ನು ಬಾಣಂತಿ ಮನೆಗೆ ಹೋದವರು ಕೇಳುವುದು “ಹೊಕ್ಕಳು ಬಿತ್ತಾ?” ಅಂತ. ಅಲ್ಲಿ ಹೊಕ್ಕಳೇ ಬಳ್ಳಿಯ ತುಂಡಾಗಿಬಿಡುತ್ತದೆ. ‘ನಾಭಿನಾಳ’ ಅಂತ ಪುಸ್ತಕದಲ್ಲಿ ನೋಡಿದ್ದೇನೆ, ಯಾರ ಬಾಯಲ್ಲೂ ಕೇಳಿಲ್ಲ.

ಇದೆಲ್ಲ ಸುಮ್ನೆ ಕೇಳುತ್ತಿಲ್ಲ. ಬಸುರಿಯರಿಗಾಗಿ ಒಂದು ಕಿರುಹೊತ್ತಿಗೆಯನ್ನು ಕನ್ನಡಕ್ಕೆ ತರುವ ಕೆಲಸ ಕೈಯಲ್ಲಿದೆ. ‘ಕಾರ್ಡ್’ ಅನ್ನುವುದಕ್ಕೆ ‘ಹೊಕ್ಕುಳಬಳ್ಳಿ’ ಅಂತ ಇಟ್ಟುಕೊಂಡೆ, ಅದು ಮುಗಿಯಿತು. ನಾನು ಸಿಕ್ಕಿಹಾಕಿಕೊಂಡಿರುವುದು ಆಮೇಲಿನ ಎರಡು ಮಾತಲ್ಲಿ. ಕತ್ತಾ, ಕುತ್ತಿಗೆಯಾ, ಕೊರಳಾ? ಸುತ್ತಿದೆಯಾ, ಬಿಗಿದಿದೆಯಾ?

ಮೊದಲ ಕರಡಿನಲ್ಲಿ ‘ಕುತ್ತಿಗೆಗೆ ಬಿಗಿದುಕೊಂಡಾಗ’ ಅಂತ ಬರೆದಿದ್ದೆ. ಮಾರನೆ ದಿನ ಓದಿದರೆ ಪೇಪರಿನ ಕ್ರೈಮ್ ಸುದ್ದಿ ಥರ ಇತ್ತು. ಕನ್ನಡದಲ್ಲಿ ಕತ್ತು ಹಿಸುಕುತ್ತಾರೆ, ಕುತ್ತಿಗೆಗೆ ಉರುಳು ಬೀಳುತ್ತದೆ, ಸಾಲಗಾರ ಬಂದು ಕುತ್ತಿಗೆ ಮೇಲೆ ಕೂರುತ್ತಾನೆ. ಕೊರಳಿಗೆ ಮಾತ್ರ ಹಾರ, ತಾಳಿ, ಕಾಸಿನ ಸರ. ಈ ಸುತ್ತಿಗೆ ಡಾಕ್ಟರುಗಳು ಅನ್ನುವುದು ‘ನ್ಯೂಕಲ್ ಕಾರ್ಡ್’ ಅಂತ. ನ್ಯೂಕಲ್ ಅಂದರೆ ಹೆಕ್ಕತ್ತಿಗೆ, ಅಂದರೆ ಕತ್ತಿನ ಹಿಂಭಾಗಕ್ಕೆ, ಸಂಬಂಧಿಸಿದ್ದು. ಆದರೆ ‘ಹೆಕ್ಕತ್ತಿನ ಬಳ್ಳಿ’ ಅಂತ ಬರೆದರೆ ಓದಿದವರು ನಕ್ಕಾರು.

‘ಬಿಗಿ’ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಸಾಮಾನ್ಯವಾಗಿ ಅಲ್ಲಿ ಬಿಗಿತವೇ ಇರುವುದಿಲ್ಲ. ಬಳ್ಳಿ ಸುಮಾರು 50ರಿಂದ 60 ಸೆಂಟಿಮೀಟರ್ ಉದ್ದ. ಒಳಗೆ ಮೂರು ರಕ್ತನಾಳ, ಅವುಗಳ ಸುತ್ತ ಲೋಳೆಯಂಥ ಮೆತ್ತೆ. ಮಗು ನೀರಲ್ಲಿ ಲಾಗ ಹಾಕುತ್ತಾ ಹಾಕುತ್ತಾ ಸುತ್ತಿಕೊಳ್ಳುತ್ತದೆ, ಎಷ್ಟೋ ಸಲ ತಾನೇ ಬಿಡಿಸಿಕೊಳ್ಳುತ್ತದೆ. ದಿನ ತುಂಬಿ ಹುಟ್ಟುವ ಮಕ್ಕಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದಕ್ಕೆ ಈ ಸುತ್ತು ಇರುತ್ತದೆ. ‘ಉಸಿರು ಕಟ್ಟುತ್ತದೆ’ ಅನ್ನುವ ಮಾತಂತೂ ಹೊಂದುವುದೇ ಇಲ್ಲ. ಹೊಟ್ಟೆಯೊಳಗಿನ ಮಗು ಗಂಟಲಿಂದ ಉಸಿರಾಡುವುದಿಲ್ಲ, ಅದಕ್ಕೆ ಆಮ್ಲಜನಕ ಬರುವುದೇ ಈ ಬಳ್ಳಿಯಿಂದ. ಬಳ್ಳಿ ಅದುಮಿ ರಕ್ತದ ಓಡಾಟ ಕಮ್ಮಿಯಾದರೆ ಆಗ ಚಿಂತೆ. ಅದಕ್ಕೇ ಹೆರಿಗೆ ಹೊತ್ತಲ್ಲಿ ಮಗುವಿನ ಎದೆಬಡಿತದ ಮೇಲೆ ಕಣ್ಣಿಟ್ಟಿರುತ್ತಾರೆ. ಮಗು ಒದೆಯುವುದು ಕಮ್ಮಿಯಾಯಿತು ಅನಿಸಿದರೆ ಕಾಯದೆ ಆಸ್ಪತ್ರೆಗೆ ಬನ್ನಿ ಅಂತಲೂ ಹೇಳುತ್ತಾರೆ, ಸುತ್ತು ಇರಲಿ ಬಿಡಲಿ.

ಹಳೆಯ ಮಾತೊಂದಿದೆ, ‘ಮಾಲೆ ಹಾಕ್ಕೊಂಡು ಹುಟ್ಟಿದ ಮಗು’ ಅಂತ. ಕೇಳಲಿಕ್ಕೆ ಎಷ್ಟು ಚೆನ್ನಾಗಿದೆ! ಅದನ್ನೇ ಬಳಸೋಣ ಅಂತ ಆಸೆಯಾಯಿತು. ಆದರೆ ಅದರ ಹಿಂದೆಯೇ ‘ಸೋದರಮಾವನಿಗೆ ಆಗಲ್ಲ’ ಅನ್ನುವ ಬಾಲ ಇದೆ. ಮಾವ ಮಗುವಿನ ಮುಖವನ್ನು ಮೊದಲು ಎಣ್ಣೆಯ ಬಟ್ಟಲಲ್ಲಿ ನೋಡಬೇಕಂತೆ. ತಮಿಳು, ತೆಲುಗು ಕಡೆಯೂ ಈ ನಂಬಿಕೆ ಉಂಟು. ನನಗಂತೂ ಕಂಸನೇ ನೆನಪಾಗುತ್ತಾನೆ. ಪಾಪ, ಬಸುರಿಯ ಜೊತೆಗೆ ಅವಳ ಅಣ್ಣನನ್ನೂ ಯಾಕೆ ಹೆದರಿಸುವುದು ಅಂತ ಆ ಮಾತನ್ನು ಕೈಬಿಟ್ಟೆ.

ಸದ್ಯಕ್ಕೆ ಹೀಗೆ ಬರೆದಿಟ್ಟಿದ್ದೇನೆ: ‘ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಒಂದು ಸುತ್ತು ಬಂದಿದೆ.’ ‘ಬಂದಿದೆ’ ಸಾಕಾ, ‘ಬಿದ್ದಿದೆ’ ಬೇಕಾ? ನನ್ನ ಕಿವಿಗೆ ‘ಬಿದ್ದಿದೆ’ ಅಂದರೆ ಮತ್ತೆ ಉರುಳಿನ ಸದ್ದು. ಧಾರವಾಡ, ಕಲಬುರಗಿ ಕಡೆಯವರು, ಕರಾವಳಿಯವರು ಏನನ್ನುತ್ತೀರಿ? ಮನೆಯಲ್ಲಿ ಅಜ್ಜಿಯರಿದ್ದರೆ, ಊರಲ್ಲಿ ಹಳೆಯ ಸೂಲಗಿತ್ತಿಯರಿದ್ದರೆ ಒಂದು ಮಾತು ಕೇಳಿ ನೋಡಿ. ಹಸು ಕರು ಹಾಕುವಾಗ ಕೊಟ್ಟಿಗೆಯಲ್ಲಿ ಆಡುವ ಮಾತಾದರೂ ಸರಿ.

ಅಂದಹಾಗೆ, ಮೊನ್ನೆ ಸೋಮವಾರ ಹೆರಿಗೆಯಾಯಿತು. ಹೆಣ್ಣು ಮಗು. ಸುತ್ತು ಇತ್ತಂತೆ, ಡಾಕ್ಟರು ತಲೆಯ ಮೇಲಿಂದ ಸರ ತೆಗೆದ ಹಾಗೆ ತೆಗೆದರಂತೆ. ಅಮ್ಮ ಎಣ್ಣೆ ಬಟ್ಟಲು ರೆಡಿ ಮಾಡುವಷ್ಟರಲ್ಲಿ ಅಮೆರಿಕದಲ್ಲಿರುವ ಸೋದರಮಾವ ವಿಡಿಯೋ ಕಾಲಲ್ಲಿ ಮಗುವನ್ನು ನೋಡಿಬಿಟ್ಟಿದ್ದ. ಹೊಕ್ಕಳು ಇನ್ನೂ ಬಿದ್ದಿಲ್ಲ.